ಲಿಂಗ್‌ಚೂ ಕಾಲುವೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚೀನಾದ ಕಾಲುವೆ ಎಂದೊಡನೆ ಹೆಚ್ಚಿನವರ ನೆನಪಿಗೆ ಬರುವುದು ಬೀಜಿಂಗಿನವರೆಗೆ ಚಾಚಿಕೊಂಡ ಮಹಾ ಕಾಲುವೆ. ಈ ಪುಟ ಅದರ ಬಗ್ಗೆ ಅಲ್ಲ. ದಕ್ಷಿಣದ ಬೆಟ್ಟಗಳ ನಡುವೆ ಸದ್ದಿಲ್ಲದೆ ಹರಿಯುವ, ಉದ್ದದಲ್ಲಿ ಮಹಾ ಕಾಲುವೆಯ ಐವತ್ತರಲ್ಲೊಂದು ಪಾಲಿನಷ್ಟೇ ಇರುವ ಲಿಂಗ್‌ಚೂ ಬಗ್ಗೆ. ಯುದ್ಧದ ಅಕ್ಕಿ ಸಾಗಿಸಲು ತೋಡಿದ ಈ ಕಾಲುವೆಯಲ್ಲಿ ಈಗ ಸರಕಿನ ದೋಣಿಗಳಿಲ್ಲ. ಗದ್ದೆಗೆ ಮಾತ್ರ ಇಂದಿಗೂ ನೀರು ಹೋಗುತ್ತಿದೆ.

ಲಿಂಗ್‌ಚೂ ಎಲ್ಲಿದೆ? ಎಷ್ಟು ಉದ್ದವಿದೆ?

ಗುವಾಂಗ್‌ಷಿ ಝುವಾಂಗ್ ಸ್ವಾಯತ್ತ ಪ್ರದೇಶದ ಷಿಂಗ್‌ಆನ್ ಕೌಂಟಿಯಲ್ಲಿದೆ. ಪ್ರವಾಸಿಗರಿಗೆ ಚಿರಪರಿಚಿತವಾದ ಗುಯ್‌ಲಿನ್ ನಗರದಿಂದ ಈಶಾನ್ಯಕ್ಕೆ ಸುಮಾರು 60 ಕಿಲೋಮೀಟರ್. ಕಾಲುವೆಯ ಒಟ್ಟು ಉದ್ದ 36.4 ಕಿಲೋಮೀಟರ್: ದಕ್ಷಿಣ ಕಾಲುವೆ 33.15, ಉತ್ತರ ಕಾಲುವೆ 3.25. ದಕ್ಷಿಣ ಕಾಲುವೆಯಲ್ಲಿ ಸಂಪೂರ್ಣವಾಗಿ ಮನುಷ್ಯರೇ ಅಗೆದದ್ದು ಮೊದಲ ಕೆಲವು ಕಿಲೋಮೀಟರ್ ಮಾತ್ರ. ಮುಂದಿನದೆಲ್ಲ ಮೊದಲೇ ಇದ್ದ ಹಳ್ಳಗಳನ್ನು ಅಗಲಿಸಿ, ಆಳ ಮಾಡಿ, ಜೋಡಿಸಿಕೊಂಡದ್ದು. ಸಿಕ್ಕಿದ ಹಳ್ಳವನ್ನು ಬಿಟ್ಟು ಬೆಟ್ಟ ಕಡಿಯುವ ಹಟ ಇದನ್ನು ಕಟ್ಟಿದವರಿಗೆ ಇರಲಿಲ್ಲ.

ಇದು ಮಹಾ ಕಾಲುವೆಯ ಭಾಗವೇ?

ಅಲ್ಲ. ಮಹಾ ಕಾಲುವೆಯ ಅತಿ ಹಳೆಯ ತುಂಡು ಕ್ರಿ.ಪೂ. 486ರದ್ದು; ಅದನ್ನೂ ಬೇರೆ ತುಂಡುಗಳನ್ನೂ ಸೇರಿಸಿ ದೊಡ್ಡ ಜಾಲವಾಗಿಸಿದ್ದು ಕ್ರಿ.ಶ. 605ರಿಂದ ಸುಯಿ ಅರಸರು. ಲಿಂಗ್‌ಚೂ ಬೇರೆಯದೇ ಕೆಲಸ. ಆದರೆ ಎರಡೂ ಯಾಂಗ್ಟ್ಸೆ ನದಿಯ ಮೂಲಕ ಒಂದಕ್ಕೊಂದು ತಗಲಿಕೊಂಡಿದ್ದವು. ಹಾಗಾಗಿ ದಕ್ಷಿಣ ಕರಾವಳಿಯ ಗುವಾಂಗ್‌ಝೌನಿಂದ ಹೊರಟ ಸರಕು ಸಮುದ್ರಕ್ಕೆ ಇಳಿಯದೆಯೇ, ನದಿ ಮತ್ತು ಕಾಲುವೆಗಳ ದಾರಿಯಲ್ಲೇ ಉತ್ತರ ಚೀನಾದವರೆಗೆ ಹೋಗಬಹುದಿತ್ತು. ಆ ಸರಪಳಿಯ ಕೊಂಡಿಗಳಲ್ಲಿ ಅತ್ಯಂತ ಚಿಕ್ಕದು ಲಿಂಗ್‌ಚೂ. ಅದು ತಪ್ಪಿದರೆ ಸರಪಳಿಯೇ ಇಲ್ಲ.

ಯಾರು ತೋಡಿಸಿದರು? ಏತಕ್ಕೆ?

ಚೀನಾದ ಮೊದಲ ಚಕ್ರವರ್ತಿ ಚಿನ್ ಷಿ ಹುವಾಂಗ್. ಕ್ರಿ.ಪೂ. 221ರಲ್ಲಿ ಎದುರಾಳಿ ರಾಜ್ಯಗಳನ್ನೆಲ್ಲ ಮುಗಿಸಿದ ಮೇಲೆ ಅವನ ಕಣ್ಣು ಬಿದ್ದದ್ದು ಬೆಟ್ಟಸಾಲಿನ ಆಚೆಗಿನ ಯುಏ ಜನರ ನಾಡಿನ ಮೇಲೆ. ಖಡ್ಗಮೃಗದ ಕೊಂಬು, ಆನೆಯ ದಂತ, ಮಿಂಚುಳ್ಳಿಯ ಗರಿ, ಮುತ್ತು ಇವುಗಳ ಆಸೆಯೇ ಕಾರಣ ಎಂದು ನಂತರದ ಹಾನ್ ಕಾಲದ ಬರಹವೊಂದು ಮುಲಾಜಿಲ್ಲದೆ ಹೇಳುತ್ತದೆ. ಟು ಸುಯಿ ಎಂಬ ಸೇನಾಪತಿಯ ಕೈಕೆಳಗೆ ಐದು ಲಕ್ಷ ಸೈನಿಕರು ಐದು ದಂಡುಗಳಾಗಿ ಹೊರಟರು ಎಂಬುದು ಅದೇ ಬರಹದ ಲೆಕ್ಕ. ಹಳೆಯ ಕಾಲದ ಸೈನ್ಯದ ಲೆಕ್ಕಗಳನ್ನು ಸ್ವಲ್ಪ ಉಪ್ಪು ಕಡಿಮೆ ಮಾಡಿಯೇ ನುಂಗಬೇಕು. ಆದರೂ ದೊಡ್ಡ ದಂಡು ಎಂಬುದರಲ್ಲಿ ಅನುಮಾನವಿಲ್ಲ.

ಸೈನ್ಯ ಕಾಡಿನಲ್ಲಿ ಸಿಕ್ಕಿಹಾಕಿಕೊಂಡಿತು. ಮೂರು ವರ್ಷ ಕವಚ ಬಿಚ್ಚಲಿಲ್ಲ, ಬಿಲ್ಲಿನ ಹೆದೆ ಇಳಿಸಲಿಲ್ಲ ಎನ್ನುತ್ತದೆ ಆ ಬರಹ. ಯುಏ ಜನರು ಕಾಡಿಗೆ ಸರಿದು, ರಾತ್ರಿ ಹೊತ್ತು ಮೇಲೆ ಬಿದ್ದು, ಕೊನೆಗೆ ಟು ಸುಯಿಯನ್ನೇ ಕೊಂದರು. ಬೆಟ್ಟದಾಚೆಗೆ ಧಾನ್ಯ ತಲುಪಿಸುವುದೇ ದೊಡ್ಡ ಸಮಸ್ಯೆಯಾಗಿತ್ತು. ಹೊರೆ ಹೊತ್ತು ಬೆಟ್ಟ ಹತ್ತುವವರು ದಾರಿಯುದ್ದಕ್ಕೂ ಆ ಹೊರೆಯನ್ನೇ ತಿನ್ನಬೇಕಲ್ಲ! ಆಗ ಲು ಎಂಬ ಮೇಲ್ವಿಚಾರಕ ಅಧಿಕಾರಿಗೆ ಕಾಲುವೆ ತೋಡುವ ಆಜ್ಞೆಯಾಯಿತು. ಇತಿಹಾಸದಲ್ಲಿ ಅವನನ್ನು ಷಿ ಲು ಎಂದು ಕರೆಯುವ ರೂಢಿ. ಕ್ರಿ.ಪೂ. 214ರ ಹೊತ್ತಿಗೆ ಕಾಲುವೆ ಸಿದ್ಧವಾಯಿತು. ಅದೇ ವರ್ಷ ಗುಯ್‌ಲಿನ್, ನಾನ್‌ಹಾಯ್, ಷಿಯಾಂಗ್ ಎಂಬ ಮೂರು ಹೊಸ ಪ್ರಾಂತ್ಯಗಳು ಸಾಮ್ರಾಜ್ಯಕ್ಕೆ ಸೇರಿದವು.

ಕಾಲುವೆಗೆ ಆ ಜಾಗವೇ ಏಕೆ?

ಯಾಂಗ್ಟ್ಸೆ ಜಲಾನಯನಕ್ಕೂ ಪರ್ಲ್ ನದಿಯ ಜಲಾನಯನಕ್ಕೂ ನಡುವೆ ಬೆಟ್ಟಸಾಲುಗಳ ಗೋಡೆಯಿದೆ. ಆ ಗೋಡೆಯಲ್ಲಿ ಯುಏಚೆಂಗ್ ಮತ್ತು ಡುಪಾಂಗ್ ಎಂಬ ಎರಡು ಸಾಲುಗಳ ಮಧ್ಯೆ ಒಂದು ತಗ್ಗಾದ ಓಣಿ. ಷಿಂಗ್‌ಆನ್ ಇರುವುದು ಅದರಲ್ಲೇ. ಇಲ್ಲಿ ಷಿಯಾಂಗ್ ನದಿಯ ಮೇಲ್ಭಾಗ ಉತ್ತರಕ್ಕೆ ಹರಿದು ಡಾಂಗ್‌ಟಿಂಗ್ ಸರೋವರದ ಮೂಲಕ ಯಾಂಗ್ಟ್ಸೆ ಸೇರುತ್ತದೆ. ಅದರ ಪಕ್ಕದಲ್ಲೇ ಲೀ ನದಿಯ ಒಂದು ಚಿಕ್ಕ ಉಪನದಿ ದಕ್ಷಿಣಕ್ಕೆ, ಪರ್ಲ್ ನದಿಯ ಕಡೆಗೆ ಹೊರಡುತ್ತದೆ. ಎರಡರ ನಡುವಿನ ಅಂತರ, ತೀರಾ ಹತ್ತಿರ ಬರುವಲ್ಲಿ, ಎರಡು ಕಿಲೋಮೀಟರಿಗಿಂತ ಕಡಿಮೆ. ನಡುವೆ ಇರುವುದು ದೊಡ್ಡ ಬೆಟ್ಟವಲ್ಲ, ಒಂದು ದಿಬ್ಬ.

ಹಾಗಾದರೆ ಆ ದಿಬ್ಬವನ್ನು ಕಡಿದು ಎರಡನ್ನೂ ನೇರವಾಗಿ ಸೇರಿಸಬಹುದಿತ್ತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಸಾಧ್ಯವಿರಲಿಲ್ಲ. ಅಲ್ಲಿ ಷಿಯಾಂಗ್ ಕೆಳಗಿದೆ, ಲೀ ಕಡೆಯ ಹಳ್ಳ ಮೇಲಿದೆ. ಹಾಗೆ ಕಡಿದಿದ್ದರೆ ನೀರು ಬೇಕಾದ ದಿಕ್ಕಿಗೆ ಹರಿಯುತ್ತಲೇ ಇರಲಿಲ್ಲ. ಅದಕ್ಕೆ ಅವರು ಷಿಯಾಂಗ್ ನದಿಯಲ್ಲೇ ಎರಡು ಕಿಲೋಮೀಟರಿಗೂ ಹೆಚ್ಚು ಮೇಲಕ್ಕೆ ಹೋದರು. ಅಲ್ಲಿ ನದಿಯ ಮಟ್ಟ ಸಾಕಷ್ಟು ಎತ್ತರದಲ್ಲಿದೆ. ಅಲ್ಲಿಂದ ನೀರನ್ನು ಹಿಡಿದು, ದಿಬ್ಬಗಳ ಮಗ್ಗುಲಲ್ಲಿ ಒಂದೇ ಮಟ್ಟ ಕಾಯ್ದುಕೊಂಡು ಸುತ್ತಿಸಿ ತಂದು, ಕಡಿಯಲೇಬೇಕಾದ ಕಡೆ ಮಾತ್ರ ದಿಬ್ಬ ಕಡಿದು ಲೀ ಕಡೆಗೆ ಇಳಿಸಿದರು. ಇಡೀ ಕಾಮಗಾರಿಯಲ್ಲಿ ನನಗೆ ಅತಿ ಮೆಚ್ಚುಗೆಯಾದ ನಿರ್ಧಾರ ಇದೇ. ಇನ್ನೂ ಒಂದು ಕಲ್ಲು ಎತ್ತಿಡುವ ಮುನ್ನವೇ ಅರ್ಧ ಕೆಲಸ ಮುಗಿದಿತ್ತು.

ಒಂದು ನದಿಯನ್ನು ಎರಡು ದಿಕ್ಕಿಗೆ ಹೇಗೆ ಹರಿಸಿದರು?

ನದಿಯ ಮಧ್ಯದಲ್ಲಿ, ಹರಿವಿಗೆ ಎದುರಾಗಿ, ಚೂಪಾದ ಕಲ್ಲಿನ ಕಟ್ಟೆಯೊಂದು ಮೂತಿ ಚಾಚಿಕೊಂಡಿದೆ. ಅದಕ್ಕೆ ಅಲ್ಲಿನವರು ಇಟ್ಟಿರುವ ಹೆಸರು ಹುವಾಝುಯ್, ಅಂದರೆ ನೇಗಿಲ ಕುಳದ ಮೂತಿ. ಕುಳ ಮಣ್ಣನ್ನು ಎರಡು ಬದಿಗೆ ಸರಿಸುವ ಹಾಗೆಯೇ ಇದು ನೀರನ್ನು ಸೀಳುತ್ತದೆ: ಒಂದು ಪಾಲು ದಕ್ಷಿಣ ಕಾಲುವೆಯಲ್ಲಿ ಲೀ ನದಿಯ ಕಡೆಗೆ, ಇನ್ನೊಂದು ಉತ್ತರ ಕಾಲುವೆಯಲ್ಲಿ ಮರಳಿ ಷಿಯಾಂಗ್‌ಗೆ. ಮೂತಿಯ ಹಿಂದೆ ಇಳಿಜಾರಾದ ಎರಡು ತಗ್ಗು ಒಡ್ಡುಗಳು ಕವಲೊಡೆದು ಎರಡು ದಡಗಳತ್ತ ಚಾಚಿವೆ. ಉತ್ತರ ಕಾಲುವೆಯ ಕಡೆಗಿರುವ ಒಡ್ಡಿನ ಹೆಸರು ದೊಡ್ಡ ತಕ್ಕಡಿ, ಉದ್ದ 344 ಮೀಟರ್. ದಕ್ಷಿಣ ಕಾಲುವೆಯ ಕಡೆಗಿರುವುದು ಚಿಕ್ಕ ತಕ್ಕಡಿ, 130 ಮೀಟರ್. ಎರಡರ ನಡುವಿನ ಕೋನ ಸುಮಾರು 108 ಡಿಗ್ರಿ. ನದಿಗೆ ಅಡ್ಡವಾಗಿ ನೆಟ್ಟಗೆ ಒಡ್ಡು ಕಟ್ಟಿದ್ದರೆ ನೀರಿನ ಏಟು ನೇರವಾಗಿ ಬೀಳುತ್ತಿತ್ತು. ಹೀಗೆ ಓರೆಯಾಗಿ ಕಟ್ಟಿದ್ದರಿಂದ ನೀರು ಒಡ್ಡಿನ ಗುಂಟ ಜಾರಿ ಕಾಲುವೆಯ ಬಾಯಿಗೆ ತಾನಾಗಿ ಹೋಗುತ್ತದೆ.

ಈ ಒಡ್ಡುಗಳ ಎತ್ತರ ಸುಮಾರು ಎರಡು ಮೀಟರ್ ಅಷ್ಟೇ. ಅಣೆಕಟ್ಟು ಎಂದರೆ ಎತ್ತರದ ಗೋಡೆ ಎಂದುಕೊಂಡವರಿಗೆ ನಿರಾಸೆಯಾಗಬಹುದು. ಆದರೆ ಗುಟ್ಟು ಇರುವುದು ಆ ತಗ್ಗಿನಲ್ಲೇ. ಬೇಸಿಗೆಯಲ್ಲಿ ಬರುವ ಅಷ್ಟಿಷ್ಟು ನೀರೆಲ್ಲ ಒಡ್ಡಿಗೆ ತಡೆದು ಎರಡು ಕಾಲುವೆಗಳಿಗೆ ಹೋಗುತ್ತದೆ. ಪ್ರವಾಹ ಬಂದಾಗ ಹೆಚ್ಚಾದ ನೀರು ಒಡ್ಡಿನ ಇಡೀ ಉದ್ದಕ್ಕೂ ಕೋಡಿ ಬಿದ್ದು ಷಿಯಾಂಗ್ ನದಿಯ ಹಳೆಯ ಪಾತ್ರಕ್ಕೆ ಇಳಿದುಹೋಗುತ್ತದೆ. ಬಾಗಿಲು ತೆಗೆಯುವವರು ಬೇಕಿಲ್ಲ, ಮುನ್ಸೂಚನೆ ಬೇಕಿಲ್ಲ. ನಡುರಾತ್ರಿಯಲ್ಲಿ ಮಳೆ ಸುರಿದು ಊರೆಲ್ಲ ಮಲಗಿದ್ದರೂ ಒಡ್ಡು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ.

ಅಲ್ಲಿ ತಪ್ಪಿಸಿಕೊಂಡ ಹೆಚ್ಚುವರಿ ನೀರಿಗೂ ಮುಂದೆ ದಾರಿಯಿದೆ. ಕಾಲುವೆಯ ದಡದಲ್ಲಿ ಅಲ್ಲಲ್ಲಿ ತಗ್ಗು ಕಲ್ಲುಗಟ್ಟಿನ ಕೋಡಿಗಳನ್ನು ಇಟ್ಟಿದ್ದಾರೆ. ಕಾಲುವೆ ತುಂಬಿದರೆ ಅಲ್ಲಿ ಹೊರಕ್ಕೆ ಚೆಲ್ಲುತ್ತದೆ.

ಮೂರು ಪಾಲು ಲೀ ನದಿಗೆ, ಏಳು ಪಾಲು ಷಿಯಾಂಗ್‌ಗೆ ಎನ್ನುತ್ತಾರಲ್ಲ, ಅದು ನಿಜವೇ?

ಊರ ಮಾತು ಹಾಗಿದೆ, ಮಾರ್ಗದರ್ಶಕರೂ ಅದನ್ನೇ ಹೇಳುತ್ತಾರೆ. ಸ್ಥೂಲವಾಗಿ ಸರಿ. 130 ಮತ್ತು 344 ಮೀಟರಿನ ಒಡ್ಡುಗಳ ಉದ್ದ ಕೂಡಿಸಿ ಭಾಗಿಸಿದರೂ ಹತ್ತಿರ ಹತ್ತಿರ ಅದೇ ಲೆಕ್ಕ ಬರುತ್ತದೆ, ಆದ್ದರಿಂದ ಮಾತು ಇನ್ನಷ್ಟು ನಂಬಿಕೆ ಹುಟ್ಟಿಸುತ್ತದೆ. ಆದರೆ ನೀರು ಗಣಿತದ ಪುಸ್ತಕ ನೋಡಿ ಹರಿಯುವುದಿಲ್ಲ. ಕಾಲುವೆಯ ಬಾಯಿಯ ಅಗಲ, ತಳದ ಎತ್ತರ, ಹೂಳು, ಋತು ಎಲ್ಲವೂ ಪಾಲನ್ನು ಬದಲಿಸುತ್ತವೆ. ಮಳೆಗಾಲದಲ್ಲಂತೂ ಬಹುಪಾಲು ನೀರು ಒಡ್ಡು ಹಾರಿ ಹೋಗುತ್ತದೆ. ಮೂರು–ಏಳು ಎಂಬುದನ್ನು ಕಟ್ಟಿದವರ ಉದ್ದೇಶ ಎಂದು ತಿಳಿದರೆ ಸಾಕು.

ಎರಡು ಸಾವಿರ ವರ್ಷಗಳ ಪ್ರವಾಹಕ್ಕೆ ಒಡ್ಡು ಕೊಚ್ಚಿಹೋಗಲಿಲ್ಲವೇ?

ಹೋಗಿದೆ, ಹಲವು ಸಲ. ಮತ್ತೆ ಕಟ್ಟಿದ್ದಾರೆ. ಆದರೂ ಕಟ್ಟಿದ ಕ್ರಮ ಗಟ್ಟಿಯದು. ತಳದಲ್ಲಿ ಪೈನ್ ಮರದ ಗೂಟಗಳನ್ನು ಮರಳಿನೊಳಕ್ಕೆ ಬಡಿದಿದ್ದಾರೆ. ಗಾಳಿ ತಾಗದೆ ಸದಾ ನೀರಿನಲ್ಲೇ ಮುಳುಗಿರುವ ಪೈನ್ ಕೊಳೆಯುವುದಿಲ್ಲ. ಅದರ ಮೇಲೆ ದೊಡ್ಡ ದೊಡ್ಡ ಕಲ್ಲುಚಪ್ಪಡಿಗಳು. ಪಕ್ಕಪಕ್ಕದ ಕಲ್ಲುಗಳಲ್ಲಿ ನಡು ಸಣ್ಣ, ಎರಡು ತುದಿ ಅಗಲವಾದ ತೋಡು ಕೊರೆದು, ಅದರಲ್ಲಿ ಕಬ್ಬಿಣದ ಬೆಸುಗೆ ಕೂರಿಸಿ ಒಂದನ್ನೊಂದು ಹಿಡಿಸಿದ್ದಾರೆ. ಒಡ್ಡಿನ ಕೆಳಬದಿಯ ಇಳಿಜಾರಿನಲ್ಲಿ ಉದ್ದನೆಯ ಕಲ್ಲುಗಳನ್ನು ಮಲಗಿಸದೆ ನಿಲ್ಲಿಸಿ ಒತ್ತೊತ್ತಾಗಿ ನೆಟ್ಟಿದ್ದಾರೆ. ಮೇಲಿನಿಂದ ನೋಡಿದರೆ ಮೀನಿನ ಹುರುಪೆಯ ಹಾಗೆ ಕಾಣುವುದರಿಂದ ಅವಕ್ಕೆ ಆ ಹೆಸರೇ ಬಂದಿದೆ. ಹರಿದು ಬರುವ ಮರಳು, ರೇವೆ ಇವುಗಳ ಸಂದಿನಲ್ಲಿ ಇಳಿದು ಕೂರುತ್ತದೆ. ಪ್ರತಿ ಪ್ರವಾಹವೂ ಒಡ್ಡನ್ನು ಇನ್ನಷ್ಟು ಬಿಗಿ ಮಾಡಿ ಹೋಗುತ್ತದೆ.

ಉತ್ತರ ಕಾಲುವೆ ಅಷ್ಟು ಅಂಕುಡೊಂಕಾಗಿ ಏಕಿದೆ?

ಬೇಕೆಂದೇ. ನೇರವಾಗಿ ತೋಡಿದ್ದರೆ ಉದ್ದ ಬಹಳ ಕಡಿಮೆಯಾಗುತ್ತಿತ್ತು, ಇಳಿಜಾರು ಕಡಿದಾಗುತ್ತಿತ್ತು. ದೋಣಿ ಇಳಿಯುವಾಗ ಹಿಡಿತಕ್ಕೆ ಸಿಗುತ್ತಿರಲಿಲ್ಲ, ಏರುವಾಗ ಎಳೆಯಲಾಗುತ್ತಿರಲಿಲ್ಲ. ಎರಡು ದೊಡ್ಡ ತಿರುವು ಕೊಟ್ಟು ದಾರಿ ಉದ್ದ ಮಾಡಿದ್ದರಿಂದ ಹರಿವು ಸಾವಧಾನವಾಯಿತು.

ದೋಣಿಗಳು ಏರು ಹತ್ತುತ್ತಿದ್ದದ್ದು ಹೇಗೆ?

ಲಿಂಗ್‌ಚೂ ಒಂದು ನೆತ್ತಿಯ ಕಾಲುವೆ. ಉತ್ತರದಿಂದ ಬಂದ ದೋಣಿ ಮೊದಲು ಹತ್ತಬೇಕು, ಆಮೇಲೆ ಇಳಿಯಬೇಕು. ನೀರೋ ಮೊಣಕಾಲುದ್ದ. ಇದಕ್ಕೆ ಪರಿಹಾರವಾಗಿ ಬಂದದ್ದು ಡೌ ಬಾಗಿಲುಗಳು. ಕಾಲುವೆಗೆ ಡೌ ನದಿ ಎಂಬ ಅಡ್ಡಹೆಸರು ಬರುವಷ್ಟು ಇವು ಪ್ರಸಿದ್ಧವಾದವು.

ಬಾಗಿಲಿನ ರಚನೆ ಹೀಗಿದೆ. ಕಾಲುವೆಯ ಎರಡು ಬದಿಯಿಂದಲೂ ಅರ್ಧ ದುಂಡಗಿನ ಕಲ್ಲಿನ ಕಟ್ಟೆಗಳು ಮುಂದಕ್ಕೆ ಚಾಚಿಕೊಂಡಿವೆ. ನಡುವೆ ಒಂದು ದೋಣಿ ನುಸುಳುವಷ್ಟು ಜಾಗ. ಬಾಗಿಲು ಮುಚ್ಚಬೇಕಾದಾಗ ಕಾವಲುಗಾರ ಒಂದು ಗಿಡ್ಡ ತೊಲೆಯ ಕೆಳತುದಿಯನ್ನು ತಳದ ಕಲ್ಲಿನ ರಂಧ್ರಕ್ಕೆ ಇಳಿಸಿ, ಮೇಲ್ತುದಿಯನ್ನು ಓರೆಯಾಗಿ ಕಟ್ಟೆಯ ತೋಡಿಗೆ ಸಿಕ್ಕಿಸುತ್ತಾನೆ. ಆ ಗಿಡ್ಡ ತೊಲೆಯ ಆಸರೆಯಲ್ಲಿ ಅಡ್ಡಕ್ಕೆ ಎರಡು ಉದ್ದ ತೊಲೆಗಳು, ಒಂದು ಕೆಳಗೆ ಒಂದು ಮೇಲೆ. ಅವಕ್ಕೆ ಒರಗಿಸಿ ಮೂರು ಕಾಲಿನ ಮರದ ಚೌಕಟ್ಟುಗಳು. ಅವುಗಳ ಮೇಲೆ ಬಿದಿರಿನ ತಟ್ಟಿ, ತಟ್ಟಿಯ ಮೇಲೆ ಹೆಣೆದ ಬಿದಿರು ಚಾಪೆ. ನೀರಿನ ಒತ್ತಡಕ್ಕೆ ಎಲ್ಲವೂ ಬಿಗಿಯಾಗಿ ಕೂರುತ್ತವೆ. ಹಿಂದೆ ನೀರು ಏರುತ್ತದೆ, ದೋಣಿ ಮೇಲೇಳುತ್ತದೆ.

ತೆರೆಯುವುದು ಇನ್ನೂ ಸುಲಭ. ಆ ಗಿಡ್ಡ ತೊಲೆಯನ್ನು ತೋಡಿನಿಂದ ಹೊಡೆದು ಕಳಚಿದರೆ ಮುಗಿಯಿತು. ಚಾಪೆ, ತಟ್ಟಿ, ಚೌಕಟ್ಟು ಎಲ್ಲವನ್ನೂ ನೀರೇ ತಳ್ಳಿ ದಾರಿ ಬಿಡಿಸುತ್ತದೆ. ಇಷ್ಟು ಹೊರೆ ನೀರನ್ನು ತಡೆದ ಬಾಗಿಲನ್ನು ತೆರೆಯಲು ಒಬ್ಬನ ಒಂದು ಏಟು ಸಾಕು! ಇಳಿಯುವ ದೋಣಿ ಆ ನೀರಿನೊಂದಿಗೆ ಮುಂದಕ್ಕೆ ಸಾಗುತ್ತದೆ. ಏರುವ ದೋಣಿ ಎರಡು ಬಾಗಿಲುಗಳ ನಡುವೆ ನಿಂತು, ಹಿಂದಿನದನ್ನು ಮುಚ್ಚಿಸಿ, ನೀರು ಕೂಡಿಕೊಳ್ಳುವವರೆಗೆ ಕಾದು, ಮುಂದಿನದಕ್ಕೆ ಹೋಗುತ್ತದೆ. 1178ರಲ್ಲಿ ಝೌ ಚುಫೇಯ್ ಎಂಬ ಸಾಂಗ್ ಕಾಲದ ಅಧಿಕಾರಿ ಈ ಪದ್ಧತಿಯನ್ನು ವಿವರಿಸಿದ್ದಾನೆ. ಅವನ ಕಾಲಕ್ಕೆ ಬಾಗಿಲುಗಳು 36. ಕಾಲುವೆಯ ಆಳ ಕೆಲವೇ ಅಡಿ, ಆದರೂ ಭಾರಿ ದೋಣಿಗಳು ತೇಲುತ್ತಿದ್ದವು.

ಕಾಯುವಿಕೆ ಮಾತ್ರ ತಪ್ಪುತ್ತಿರಲಿಲ್ಲ. 1637ರಲ್ಲಿ ಈ ದಾರಿಯಲ್ಲಿ ಬಂದ ಪ್ರವಾಸಿ ಷೂ ಷಿಯಾಕೆ, ದೊಡ್ಡ ದೋಣಿಗಳು ಒಂದರ ಹಿಂದೊಂದು ಒತ್ತಿ ನಿಂತು, ಚಾಪೆಯಿಂದ ನೀರು ತಡೆದು, ನೀರು ಒಂದಿಷ್ಟು ದಪ್ಪವಾಗುವುದನ್ನು ಕಾಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ನಮ್ಮ ಹೆದ್ದಾರಿಯ ಟೋಲ್ ಸಾಲಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿದ್ದಂತಿಲ್ಲ.

ಈ ಬಾಗಿಲುಗಳು ಚಿನ್ ಕಾಲದಿಂದಲೂ ಇದ್ದವೇ?

ದಾಖಲೆಯಲ್ಲಿ ಮೊದಲು ಕಾಣಿಸುವುದು ಟಾಂಗ್ ಕಾಲದಲ್ಲಿ. 825ರಲ್ಲಿ ಗುಯ್‌ಝೌ (ಇಂದಿನ ಗುಯ್‌ಲಿನ್ ಪ್ರದೇಶ) ಆಡಳಿತದ ಹೊಣೆ ಹೊತ್ತಿದ್ದ ಲಿ ಬೋ ಎಂಬಾತ ಹಾಳುಬಿದ್ದಿದ್ದ ಕಾಲುವೆಯನ್ನು ದುರಸ್ತಿ ಮಾಡಿಸಿ ಬಾಗಿಲುಗಳನ್ನು ಇಡಿಸಿದ. ಆದರೆ ಕೆಲಸ ಕಳಪೆಯಾಯಿತು. ಒಡ್ಡನ್ನು ಬಿದಿರು ಕಡ್ಡಿಯ ಕಂತೆಗಳಿಂದ, ಬಾಗಿಲನ್ನು ಸಿಕ್ಕ ಸಿಕ್ಕ ಮರದಿಂದ ಮಾಡಿದ್ದರಿಂದ ಕೆಲವೇ ವರ್ಷಗಳಲ್ಲಿ ಎಲ್ಲ ಕುಸಿಯಿತು. ಗುತ್ತಿಗೆ ಕಾಮಗಾರಿಯ ಕಥೆ ಯಾವ ಕಾಲಕ್ಕೂ ಹೊಸದಲ್ಲ.

868ರಲ್ಲಿ ಬಂದ ಯೂ ಮೆಂಗ್‌ವೇಯ್ ಅದನ್ನು ಮತ್ತೆ ಕೈಗೆತ್ತಿಕೊಂಡ. ಅವನು ಬರೆದಿಟ್ಟ ವರದಿ ಓದಲು ಸ್ವಾರಸ್ಯವಾಗಿದೆ. ಕಾಲುವೆ ಹದಗೆಟ್ಟಿದ್ದಾಗ ನುರಿತ ಅಂಬಿಗರೂ ಕೈಕಟ್ಟಿ ಕಣ್ಣು ಬಿಟ್ಟುಕೊಂಡು ನಿಲ್ಲುತ್ತಿದ್ದರಂತೆ. ಸರ್ಕಾರಿ ತುರ್ತು ಇದ್ದರೆ ಒಂದೇ ಒಂದು ದೋಣಿ ದಾಟಿಸಲು ಹತ್ತಾರು ಮನೆಗಳ ಜನರನ್ನು ಬಿಟ್ಟಿಗೆ ಹಿಡಿಯಬೇಕಿತ್ತಂತೆ. ಅವನು ಒಡ್ಡಿಗೆ ದೊಡ್ಡ ಕಲ್ಲು, ಬಾಗಿಲಿಗೆ ಗಟ್ಟಿ ಮರ ಹಾಕಿಸಿ, ಬಾಗಿಲುಗಳನ್ನು 18ಕ್ಕೆ ಏರಿಸಿದ. 53 ಸಾವಿರಕ್ಕೂ ಹೆಚ್ಚು ಆಳುಗಳ ಕೆಲಸ, 53 ಲಕ್ಷಕ್ಕೂ ಹೆಚ್ಚು ತಾಮ್ರದ ನಾಣ್ಯಗಳ ಖರ್ಚು. ಆಮೇಲೆ ಭಾರಿ ದೋಣಿಯನ್ನೂ ಒಬ್ಬನೇ ದಾಟಿಸಬಹುದಾಯಿತು ಎಂದು ಅವನು ಹೆಮ್ಮೆಪಡುತ್ತಾನೆ. ಸ್ವಂತ ಕೆಲಸದ ವರದಿಯಲ್ಲಿ ಸ್ವಲ್ಪ ಬಣ್ಣ ಇರುವುದು ಸಹಜ, ಆದರೆ ಊರಿನವರು ಸುತ್ತಲಿನ ಮನೆಗಳನ್ನು ಬಿಟ್ಟಿಯಿಂದ ಉಳಿಸಿದ ಈ ಅಧಿಕಾರಿಯನ್ನು ಮರೆಯಲಿಲ್ಲ. ಷಿಂಗ್‌ಆನ್‌ನ ನಾಲ್ವರು ಸಜ್ಜನರ ಗುಡಿಯಲ್ಲಿ ಷಿ ಲು, ಹಾನ್ ಕಾಲದ ಸೇನಾಪತಿ ಮಾ ಯುವಾನ್, ಲಿ ಬೋ ಇವರ ಜತೆ ಯೂ ಮೆಂಗ್‌ವೇಯ್‌ಗೂ ಪೂಜೆ ಸಲ್ಲುತ್ತಿತ್ತು.

1058ರಲ್ಲಿ ಲಿ ಷಿಝಾಂಗ್ ಎಂಬ ಸಾಂಗ್ ಅಧಿಕಾರಿ ಕಾಲುವೆಯ ತಳದ ಬಂಡೆಗಳನ್ನು ಬೆಂಕಿಯಿಂದ ಕಾಯಿಸಿ ಒಡೆಸಿದ. ಬಾಗಿಲುಗಳ ಸಂಖ್ಯೆ 36 ಆದದ್ದು ಸಾಂಗ್ ಕಾಲದಲ್ಲೇ.

ಯಾವ ಸರಕು ಸಾಗುತ್ತಿತ್ತು?

ಮೊದಲು ಸೈನ್ಯ ಮತ್ತು ಅದರ ಅಕ್ಕಿ. ಚಿನ್ ಸಾಮ್ರಾಜ್ಯ ಬಿದ್ದ ಮೇಲೆ ದಕ್ಷಿಣ ಸ್ವತಂತ್ರವಾಯಿತು. ಅದನ್ನು ಮತ್ತೆ ಗೆಲ್ಲಲು ಹಾನ್ ಚಕ್ರವರ್ತಿ ವು ಕ್ರಿ.ಪೂ. 112ರಲ್ಲಿ ಕಳಿಸಿದ ದಂಡುಗಳಲ್ಲಿ ಒಂದು ಲೀ ನದಿಯಲ್ಲಿ ಇಳಿದು ಹೋಯಿತು. ಶಾಂತಿಯ ಕಾಲದಲ್ಲಿ ಗುವಾಂಗ್‌ಡಾಂಗ್ ಕರಾವಳಿಯ ಉಪ್ಪು, ಅತ್ತಿತ್ತ ಅಕ್ಕಿ, ದಿನಬಳಕೆಯ ಸಾಮಾನು. ವ್ಯಾಪಾರಿಗಳ ಜತೆಗೆ ಅಧಿಕಾರಿಗಳು, ಕವಿಗಳು, ದಕ್ಷಿಣಕ್ಕೆ ಗಡಿಪಾರಾದವರು. ಅದರ ಪಟ್ಟಿ ದೊಡ್ಡದು, ಬಿಡೋಣ.

ನೀರಾವರಿಗಾಗಿ ಬಳಸಲು ಶುರುವಾದದ್ದು ಯಾವಾಗ?

ತೋಡುವಾಗ ಗದ್ದೆಯ ಯೋಚನೆ ಇರಲಿಲ್ಲ. ಡುಜಿಯಾಂಗ್ಯಾನ್ ಮತ್ತು ಝೆಂಗ್‌ಗುವೋ ಕಾಲುವೆಗಳೊಡನೆ ಲಿಂಗ್‌ಚೂವನ್ನೂ ಸೇರಿಸಿ ಚಿನ್ ಕಾಲದ ಮೂರು ದೊಡ್ಡ ನೀರಿನ ಕೆಲಸಗಳು ಎನ್ನುವುದುಂಟು. ಮೊದಲೆರಡು ಬೆಳೆಯನ್ನೂ ನೆಲವನ್ನೂ ನೆನೆದು ಕಟ್ಟಿದವು, ಲಿಂಗ್‌ಚೂ ಯುದ್ಧಕ್ಕಾಗಿ. ಆದರೆ ಭತ್ತ ಬೆಳೆಯುವ ನಾಡಿನ ಮಧ್ಯೆ ವರ್ಷವಿಡೀ ನೀರು ಹರಿಯುತ್ತಿದ್ದರೆ ರೈತ ನೋಡಿಕೊಂಡು ಸುಮ್ಮನಿರುತ್ತಾನೆಯೇ? 12ನೇ ಶತಮಾನದ ಹೊತ್ತಿಗೆ ಷಿಂಗ್‌ಆನ್ ಸುತ್ತಲಿನ ಗದ್ದೆಗಳು ಕಾಲುವೆಯನ್ನೇ ನಂಬಿಕೊಂಡಿದ್ದವು ಎಂದು ಝೌ ಚುಫೇಯ್ ಸ್ಪಷ್ಟವಾಗಿ ಹೇಳುತ್ತಾನೆ.

ನೀರು ಪಡೆಯುವ ಕ್ರಮ ಎರಡು. ಕಾಲುವೆ ಗದ್ದೆಗಿಂತ ಎತ್ತರದಲ್ಲಿದ್ದ ಕಡೆ ದಡದಲ್ಲಿ ತೂಬು ಇಟ್ಟು ಕಿರುಗಾಲುವೆಗಳ ಮೂಲಕ ನೇರವಾಗಿ ಹರಿಸುವುದು. ಕಾಲುವೆ ತಗ್ಗಿನಲ್ಲಿದ್ದ ಕಡೆ ಅದರೊಳಗೇ ತಗ್ಗು ಕಟ್ಟೆ ಹಾಕಿ ನೀರೇರಿಸಿ, ಬಿದಿರಿನ ನೀರುಚಕ್ರ ತಿರುಗಿಸಿ, ಚಕ್ರದ ಅಂಚಿಗೆ ಕಟ್ಟಿದ ಬಿದಿರು ಕೊಳವೆಗಳಿಂದ ಮೇಲಿನ ಗದ್ದೆಗೆ ಸುರಿಸುವುದು. ಎತ್ತೂ ಬೇಡ, ಆಳೂ ಬೇಡ.

ದೋಣಿಯವರಿಗೂ ರೈತರಿಗೂ ಜಗಳ ಆಗುತ್ತಿರಲಿಲ್ಲವೇ?

ಆಗದೆ ಇರುತ್ತದೆಯೇ? ದೋಣಿಗೆ ಕಾಲುವೆಯಲ್ಲಿ ನೀರು ನಿಲ್ಲಬೇಕು, ಗದ್ದೆಗೆ ಕಾಲುವೆಯಿಂದ ನೀರು ಹೊರಬರಬೇಕು. ರೈತ ಕಟ್ಟಿದ ಕಟ್ಟೆ ದೋಣಿಗೆ ಅಡ್ಡ. ದೋಣಿಗಾಗಿ ತೆರೆದ ಬಾಗಿಲಿನಿಂದ ಓಡಿಹೋದ ನೀರು ರೈತನಿಗೆ ನಷ್ಟ. ಸರ್ಕಾರದ ಒಲವು ಸಹಜವಾಗಿ ದೋಣಿಯ ಕಡೆಗೆ, ಏಕೆಂದರೆ ತೆರಿಗೆಯ ಸರಕು, ಸೈನ್ಯ, ಉಪ್ಪು ಎಲ್ಲ ಹೋಗುತ್ತಿದ್ದದ್ದು ಅದರಲ್ಲೇ. ನೆಲದ ಮೇಲೆ ಸಿಕ್ಕ ರಾಜಿ ಎಂದರೆ ಕಟ್ಟೆಯ ನಡುವೆ ದೋಣಿಗೆಂದು ಬಿಟ್ಟ ಕಿಂಡಿ. ದೋಣಿ ಇಲ್ಲದಾಗ ಅದನ್ನು ಮುಚ್ಚಿ ನೀರೇರಿಸಿಕೊಳ್ಳಬಹುದು, ಬಂದಾಗ ತೆಗೆಯಬೇಕು. ಹೆಚ್ಚುಕಡಿಮೆ ಎಲ್ಲ ಹಳೆಯ ಕಾಲುವೆಗಳ ಕಥೆಯಲ್ಲೂ ಎಂಜಿನಿಯರ್ ಒಬ್ಬನೇ ನಾಯಕನಂತೆ ಕಾಣುತ್ತಾನೆ. ಈ ಕಿಂಡಿಯನ್ನು ಮುಚ್ಚಿ ತೆರೆದವರ ಹೆಸರು ಯಾವ ಗುಡಿಯಲ್ಲೂ ಇಲ್ಲ.

ದುರಸ್ತಿ ಮಾಡಲು ಹೋಗಿ ಕಾಲುವೆ ಹಾಳಾದ ಪ್ರಸಂಗ ಉಂಟಂತೆ?

ಉಂಟು. 1396ರಲ್ಲಿ, ಮಿಂಗ್ ವಂಶದ ಮೊದಲ ಚಕ್ರವರ್ತಿಯ ಕಾಲದಲ್ಲಿ, ಯಾನ್ ಝೆನ್‌ಝಿ ಎಂಬ ಹಿರಿಯ ಅಧಿಕಾರಿ ಬಂದ. ಕೆಲಸಗಳ್ಳನಲ್ಲ, ಹೂಳು ತೆಗೆಸಿದ, 36 ಬಾಗಿಲು ಸರಿಪಡಿಸಿದ, ದೋಣಿಗೆ ಅಡ್ಡವಾದ ಬಂಡೆ ಕಡಿಸಿದ. ಇಷ್ಟಕ್ಕೇ ನಿಲ್ಲಿಸಿದ್ದರೆ ಅವನಿಗೂ ಗುಡಿಯಲ್ಲಿ ಜಾಗ ಸಿಗುತ್ತಿತ್ತೇನೋ. ಆದರೆ ಒಡ್ಡು ತಗ್ಗಾಗಿರುವುದರಿಂದ ನೀರು ವೃಥಾ ಹೋಗುತ್ತಿದೆ ಎಂದು ಅನ್ನಿಸಿರಬೇಕು. ಮೀನಿನ ಹುರುಪೆಯ ಕಲ್ಲುಗಳನ್ನು ಕೀಳಿಸಿ ಒಡ್ಡನ್ನು ಎತ್ತರಿಸಿದ.

ಮುಂದಿನ ಪ್ರವಾಹದಲ್ಲಿ ಹೆಚ್ಚಾದ ನೀರಿಗೆ ಹೊರಹೋಗುವ ದಾರಿ ಇಲ್ಲವಾಯಿತು. ಅದು ದಂಡೆ ಕೊರೆದು ಉತ್ತರ ಕಾಲುವೆಯತ್ತ ನುಗ್ಗಿತು. ದಕ್ಷಿಣ ಕಾಲುವೆಯಲ್ಲಿ ನೀರು ತೆಳುವಾಗಿ ಜನರಿಗೆ ಅದರ ಪ್ರಯೋಜನವೇ ತಪ್ಪಿತು. 1404ರಲ್ಲಿ ಎಲ್ಲವನ್ನೂ ಮೊದಲಿನ ಅಳತೆಗೇ ತರಬೇಕಾಯಿತು. ಲಿಂಗ್‌ಚೂ ಏಕೆ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಗೊತ್ತಿಲ್ಲ. ನೀರನ್ನು ಹಿಡಿದಿಡುವ ಶಕ್ತಿಗಿಂತ ಬಿಟ್ಟುಕೊಡುವ ಜಾಣತನ ಅದರಲ್ಲಿ ಹೆಚ್ಚು. ಒಡ್ಡು ಎರಡು ಮೀಟರ್ ಇದ್ದದ್ದು ಕಟ್ಟುವವರಿಗೆ ಎತ್ತರಿಸಲು ಬಾರದೆ ಅಲ್ಲ.

ಹಾಗಾದರೆ ಇಂದು ಕಾಣುವುದು 2,200 ವರ್ಷ ಹಳೆಯ ಕಲ್ಲುಗಳೇ?

ದಾರಿ ಹಳೆಯದು, ಕಲ್ಲು ಬಹುಪಾಲು ಈಚಿನದು. ಟಾಂಗ್, ಸಾಂಗ್, ಯುವಾನ್, ಮಿಂಗ್, ಚಿಂಗ್ ಕಾಲಗಳಲ್ಲೆಲ್ಲ ದುರಸ್ತಿಗಳಾಗಿವೆ. ಚಿನ್ ಕಾಲದ ಕಲ್ಲನ್ನು ಮುಟ್ಟಿದೆ ಎಂದು ಫೋಟೊ ಹಾಕುವವರು ಸ್ವಲ್ಪ ತಾಳುವುದು ಒಳ್ಳೆಯದು.

ಜಗತ್ತಿನ ಮೊದಲ ಕಾಲುವೆ ಎಂದು ಹೇಳುವುದು ಸರಿಯೇ?

ಸರಿಯಲ್ಲ. ಮೆಸೊಪೊಟೇಮಿಯಾ, ಈಜಿಪ್ಟ್‌ಗಳಲ್ಲಿ ಇದಕ್ಕಿಂತ ಬಹಳ ಹಳೆಯ ಕಾಲುವೆಗಳಿದ್ದವು, ಚೀನಾದಲ್ಲೇ ಇದ್ದವು. ಲಿಂಗ್‌ಚೂಗೆ ಸಲ್ಲುವ ಹೆಗ್ಗಳಿಕೆ ಬೇರೆ. ಎರಡು ದೊಡ್ಡ ಜಲಾನಯನಗಳ ನಡುವಿನ ನೆತ್ತಿಯನ್ನು, ನೆಲದ ಮಟ್ಟವನ್ನು ಅನುಸರಿಸಿ ದಾಟಿದ ಸಾಗಣೆ ಕಾಲುವೆಗಳಲ್ಲಿ ಇದು ಅತ್ಯಂತ ಹಳೆಯದು. ಚೀನೀ ವಿಜ್ಞಾನದ ಇತಿಹಾಸ ಬರೆದ ಜೋಸೆಫ್ ನೀಡ್‌ಹ್ಯಾಮ್ ಇದಕ್ಕೆ ವಿಶೇಷ ಮಹತ್ವ ಕೊಟ್ಟದ್ದು ಆ ಕಾರಣಕ್ಕೆ. ಪನಾಮಾ ಕಾಲುವೆಯ ಅಜ್ಜ ಎಂದು ಕರೆಯುವುದೂ ಉಂಟು. ಆದರೆ ಪಕ್ಕಪಕ್ಕದ ಎರಡು ಬಾಗಿಲುಗಳ ನಡುವೆ ದೋಣಿಯನ್ನು ಕೂಡಿಹಾಕಿ ಏರಿಸುವ ನಿಜವಾದ ಲಾಕ್ ಪದ್ಧತಿ ಚೀನಾದಲ್ಲಿ ದಾಖಲಾಗಿರುವುದು 984ರಲ್ಲಿ, ಮಹಾ ಕಾಲುವೆಯ ಮೇಲೆ, ಚಿಯಾವ್ ವೇಯ್‌ಯುಏ ಎಂಬ ಅಧಿಕಾರಿಯ ಹೆಸರಿನಲ್ಲಿ.

ಮೂವರು ಸೇನಾಪತಿಗಳ ಸಮಾಧಿಯ ಕಥೆ ಏನು?

ದಂತಕಥೆ. ಕಾಲುವೆ ಕಟ್ಟಲು ನೇಮಿಸಿದ ಮೊದಲ ಇಬ್ಬರು ಸೋತು ತಲೆದಂಡ ಕೊಟ್ಟರಂತೆ. ಮೂರನೆಯವನು ಗೆದ್ದ. ಆದರೆ ಹಿಂದಿನವರ ದುಡಿಮೆಯ ಮೇಲೆ ತಾನೊಬ್ಬನೇ ಕೀರ್ತಿ ಪಡೆಯುವುದು ಸಲ್ಲದೆಂದು ತಾನೂ ಪ್ರಾಣ ಬಿಟ್ಟನಂತೆ. ದಡ ಕೊರೆಯುತ್ತಿದ್ದ ಹಂದಿ-ಡ್ರ್ಯಾಗನ್ನನ್ನು ಹಾರಿಬಂದ ಬಂಡೆಯೊಂದು ಒತ್ತಿಹಿಡಿಯಿತು ಎಂಬ ಇನ್ನೊಂದು ಕಥೆಯೂ ಇದೆ. ಆ ಬಂಡೆಯನ್ನು ಈಗಲೂ ತೋರಿಸುತ್ತಾರೆ. ದಡ ಪದೇ ಪದೇ ಒಡೆಯುತ್ತಿದ್ದ ಜಾಗ ಯಾವುದು ಎಂಬುದು ಕಥೆಯಿಂದ ತಿಳಿಯುತ್ತದೆ, ಅಷ್ಟು ಲಾಭ.

ಗುಯ್‌ಲಿನ್‌ನ ಅಕ್ಕಿ ಶಾವಿಗೆಗೂ ಕಾಲುವೆಗೂ ನಂಟಿದೆಯೇ?

ವಾಯವ್ಯದ ಗೋಧಿ ನಾಡಿನಿಂದ ಬಂದ ಚಿನ್ ಸೈನಿಕರಿಗೆ ಶಾವಿಗೆ ಇಲ್ಲದೆ ಊಟ ಸೇರದಾಗ ಅಡುಗೆಯವರು ಅಕ್ಕಿಯಲ್ಲೇ ಶಾವಿಗೆ ಒತ್ತಿದರು ಎಂದು ಅಲ್ಲಿನ ಜನ ಹೇಳುತ್ತಾರೆ. ಪುರಾವೆ ಕೇಳಬೇಡಿ. ಶಾವಿಗೆ ರುಚಿಯಾಗಿದೆ ಎಂದು ಪ್ರಸಿದ್ಧಿ.

ದೋಣಿ ಸಂಚಾರ ನಿಂತದ್ದು ಯಾವಾಗ?

ರೈಲು ಬಂದಾಗ. ಹುನಾನ್–ಗುವಾಂಗ್‌ಷಿ ರೈಲುಮಾರ್ಗ 1938ರಲ್ಲಿ ಹೆಂಗ್‌ಯಾಂಗ್‌ನಿಂದ ಗುಯ್‌ಲಿನ್‌ವರೆಗೆ ತೆರೆಯಿತು. ಬಂದದ್ದು ಅದೇ ಬೆಟ್ಟಗಳ ನಡುವಿನ ಓಣಿಯಲ್ಲಿ. ಹೊಸ ರಸ್ತೆಗಳೂ ಸೇರಿದ ಮೇಲೆ ಬಾಗಿಲಿನಿಂದ ಬಾಗಿಲಿಗೆ ಕಾಯುವ ದೋಣಿಗೆ ಸರಕು ಯಾರು ಕೊಡುತ್ತಾರೆ? ಸಾಗಣೆ ನಿಂತರೂ ಕಾಲುವೆಯನ್ನು ಮುಚ್ಚಲಿಲ್ಲ, ಏಕೆಂದರೆ ಸಾವಿರಾರು ಎಕರೆ ಗದ್ದೆ ಅದಕ್ಕೆ ಅಂಟಿಕೊಂಡಿತ್ತು. ಎರಡು ಸಾವಿರ ವರ್ಷ ಎರಡನೆಯ ಸಾಲಿನಲ್ಲಿದ್ದ ರೈತ ಕೊನೆಗೆ ಕಾಲುವೆಯನ್ನು ಉಳಿಸಿಕೊಂಡ. ಈಗ ದೊಡ್ಡ ಹಡಗುಗಳ ಮಾತು ಬಂದಾಗ ಗುವಾಂಗ್‌ಷಿಯಲ್ಲಿ ಹೇಳುವುದು ಪಿಂಗ್‌ಲು ಕಾಲುವೆಯ ಹೆಸರು. ನದಿಯಿಂದ ನೇರವಾಗಿ ಸಮುದ್ರ ಮುಟ್ಟುವ ಆ 134 ಕಿಲೋಮೀಟರಿನ ಕಾಮಗಾರಿ 2022ರಲ್ಲಿ ಶುರುವಾಯಿತು.

ಲಿಂಗ್‌ಚೂಗೆ ವಿಶ್ವ ಪರಂಪರೆಯ ಮನ್ನಣೆ ಇದೆಯೇ?

ಇಲ್ಲಿ ಗೊಂದಲ ಸಾಮಾನ್ಯ. ಯುನೆಸ್ಕೊ ಪಟ್ಟಿಯಲ್ಲಿರುವುದು ಡುಜಿಯಾಂಗ್ಯಾನ್ ಮತ್ತು ಮಹಾ ಕಾಲುವೆ. ಲಿಂಗ್‌ಚೂವನ್ನು 2013ರಲ್ಲಿ ಚೀನಾ ತನ್ನ ತಾತ್ಕಾಲಿಕ ಪಟ್ಟಿಗೆ ಸೇರಿಸಿತು. ದೇಶದೊಳಗೆ 1988ರಿಂದಲೇ ರಾಷ್ಟ್ರಮಟ್ಟದ ಸಂರಕ್ಷಿತ ಸ್ಮಾರಕ. 2018ರಲ್ಲಿ ಸಿಕ್ಕಿದ್ದು ಬೇರೆ ಗೌರವ: ಅಂತಾರಾಷ್ಟ್ರೀಯ ನೀರಾವರಿ ಮತ್ತು ಒಳಚರಂಡಿ ಆಯೋಗದ ವಿಶ್ವ ಪರಂಪರೆಯ ನೀರಾವರಿ ರಚನೆಗಳ ಪಟ್ಟಿ. ಈ ಆಯೋಗದ ಕೇಂದ್ರ ಕಚೇರಿ ಇರುವುದು ನವದೆಹಲಿಯಲ್ಲಿ. ಅದೇ ವರ್ಷ ನಮ್ಮ ನೆರೆಯ ತೆಲಂಗಾಣದ ಸದರ್‌ಮಾಟ್ ಆನಿಕಟ್ ಮತ್ತು ಕಾಮಾರೆಡ್ಡಿಯ ಪೆದ್ದ ಚೆರುವು ಕೂಡ ಪಟ್ಟಿ ಸೇರಿದವು. ಸಾಗಣೆಗಾಗಿ ಹುಟ್ಟಿದ ಕಾಲುವೆಗೆ ಪ್ರಮಾಣಪತ್ರ ಬಂದದ್ದು ನೀರಾವರಿಯ ಹೆಸರಿನಲ್ಲಿ ಎಂಬುದು ತಮಾಷೆಯಾಗಿದೆ.

ಹೋಗಿ ನೋಡಬೇಕೆಂದರೆ?

ಗುಯ್‌ಲಿನ್‌ನಿಂದ ರೈಲು ಅಥವಾ ಬಸ್ಸಿನಲ್ಲಿ ಷಿಂಗ್‌ಆನ್‌ಗೆ ಹೋಗಿ ಸಂಜೆಗೆ ಮರಳಬಹುದು. ಎಲ್ಲರೂ ಊರೊಳಗಿನ ನೀರಿನ ಬೀದಿ, ಹಳೆಯ ವಾನ್‌ಲಿ ಸೇತುವೆ ನೋಡಿ ತೃಪ್ತರಾಗುತ್ತಾರೆ. ನೀವು ಮಾತ್ರ ಮೊದಲು ನೇಗಿಲ ಮೂತಿಯ ಹತ್ತಿರ ಹೋಗಿ. ಅಲ್ಲಿಂದ ದಕ್ಷಿಣ ಕಾಲುವೆಗೂ ಷಿಯಾಂಗ್‌ನ ಹಳೆಯ ಪಾತ್ರಕ್ಕೂ ನಡುವೆ ಚಾಚಿದ ಚಿನ್ ಒಡ್ಡಿನ ಮೇಲೆ ಊರಿನ ಕಡೆಗೆ ನಡೆಯಿರಿ. ಒಂದು ಬದಿಯಲ್ಲಿ ಕಾಲುವೆಯ ನೀರು ಮೇಲಿರುತ್ತದೆ, ಇನ್ನೊಂದು ಬದಿಯಲ್ಲಿ ಹಳೆಯ ನದಿ ಕೆಳಗಿರುತ್ತದೆ. ಆ ಮಟ್ಟದ ವ್ಯತ್ಯಾಸವನ್ನು ಕಣ್ಣಾರೆ ಕಂಡರೆ ಮೇಲಿನ ವಿವರಣೆಯೆಲ್ಲ ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಗುಡಿಯಲ್ಲಿ ಕಲ್ಲಿನ ಶಾಸನವೊಂದನ್ನು ನಿಧಾನವಾಗಿ ನುಂಗುತ್ತಿರುವ ಹಳೆಯ ಮರವಿದೆ, ತಪ್ಪಿಸಬೇಡಿ. ಒಡ್ಡಿನ ಮೇಲೆ ಕೋಡಿ ಬೀಳುವುದನ್ನು ನೋಡಬೇಕಿದ್ದರೆ ಏಪ್ರಿಲ್‌ನಿಂದ ಜೂನ್‌ವರೆಗಿನ ಮಳೆಯ ತಿಂಗಳುಗಳು ಒಳ್ಳೆಯದು. ಮೀನಿನ ಹುರುಪೆಯ ಕಲ್ಲುಗಳನ್ನು ಬಿಡಿಬಿಡಿಯಾಗಿ ನೋಡಬೇಕಿದ್ದರೆ ನೀರು ಇಳಿದ ಚಳಿಗಾಲಕ್ಕೆ ಹೋಗಿ.